ನವಾಬನ ನೀರು

ಮೀನು ವಾಲಿತ್ತು. ಗಾಜಿನ ಟ್ಯಾಂಕಿನ ಮುಂದೆ ಮಂಡಿಯೂರಿ ಕೂತಿದ್ದ ಜಯಮಾಲಾ ಮೊದಲಿಗೆ ತನ್ನ ಕತ್ತೇ ಸೊಟ್ಟಗಾಗಿದೆಯೇನೋ ಎಂದು ತಲೆಯನ್ನು ನೆಟ್ಟಗೆ ಮಾಡಿಕೊಂಡು ನೋಡಿದಳು. ಆಗಲೂ ವಾಲಿತ್ತು. ಒಂದು ಕಣ್ಣು ಮೇಲಕ್ಕೆ, ಇನ್ನೊಂದು ತಳದ ಹರಳುಗಳ ಕಡೆಗೆ. ಮೇಲಿನ ಕಣ್ಣು ತನ್ನನ್ನೇ ನೋಡುತ್ತಿದೆ ಎನಿಸಿ, ಯಾರೋ ಹಿರಿಯರು ಒಳಗೆ ಬಂದ ಹಾಗೆ, ಸೆರಗನ್ನು ತಲೆಯ ಮೇಲೆ ಎಳೆದುಕೊಂಡಳು. ಗೇಣುದ್ದದ ಮೀನು. ಆರು ದಿನದ ಹಿಂದೆ ಅದು ಕಾಸಿದ ತಾಮ್ರದ ಬಣ್ಣಕ್ಕಿತ್ತು. ಹಣೆಯ ಮೇಲೆ ಪೇಟ ಸುತ್ತಿದಂಥ ಗುಬುಟು. ಆ ಗುಬುಟು ನೋಡಿಯೇ ಈ ಮನೆಯೊಡತಿ, ನೆರೆಯ ಮೆಹರಾಜಬೇಗಂ ಅದಕ್ಕೆ ನವಾಬ ಎಂದು ಹೆಸರಿಟ್ಟಿದ್ದಳು. ಈಗ ಬಣ್ಣ ಬೂದಿಗೆ ತಿರುಗಿತ್ತು, ಗುಬುಟು ಇಳಿದಿತ್ತು. ಬಾಯಿ ಮಾತ್ರ ತೆರೆಯುತ್ತಿತ್ತು, ಮುಚ್ಚುತ್ತಿತ್ತು, ಹೇಳಬೇಕಾದ್ದನ್ನು ಮತ್ತೆ ಮತ್ತೆ ಮರೆಯುವವರ ಹಾಗೆ. ಗೋಡೆಯ ಗಡಿಯಾರದಲ್ಲಿ ಹನ್ನೊಂದೂವರೆ. ಆಳಂದದಿಂದ ಹೊರಡುವ ಮೆಹರಾಜ ಮೂರರೊಳಗೆ ಅಫಜಲಪುರ ಮುಟ್ಟುತ್ತಾಳೆ. ಅಷ್ಟರೊಳಗೆ ಈ ಮೀನು ಚೇತರಿಸಿಕೊಳ್ಳಬೇಕು, ಇಲ್ಲವೇ ತನ್ನ ಬಾಯಲ್ಲಿ ಒಂದು ಮಾತು ಹುಟ್ಟಬೇಕು. ಎಂಥ ಮಾತು ಎಂಬುದು ಜಯಮಾಲಾಗೆ ಗೊತ್ತಿರಲಿಲ್ಲ.

ಬೆಳಿಗ್ಗೆ ಒಂಬತ್ತಕ್ಕೆ ಅವಳು ಅಜರುದ್ದೀನನಿಗೆ ಫೋನ್ ಮಾಡಿದ್ದಳು. ಬಸ್ ನಿಲ್ದಾಣದ ಹತ್ತಿರ ಬಣ್ಣದ ಮೀನು ಮಾರುವವನು. ಅವನ ನಂಬರನ್ನು ಮೆಹರಾಜ ಹೊಲಿಗೆ ಮಷೀನಿನ ಮೇಲೆ ಸೀಮೆಸುಣ್ಣದಲ್ಲಿ ಬರೆದಿಟ್ಟು ಹೋಗಿದ್ದಳು. ‘ಬಣ್ಣ ಹೋಗ್ಯಾದ, ಮ್ಯಾಲ ಬಂದು ಬಾಯಿ ಬಿಡಾಕತ್ತದ’ ಎಂದಾಗ ಅವನು ಮೊದಲು ಕೇಳಿದ್ದೇ ಎರಡು ಪ್ರಶ್ನೆ. ‘ತಿನ್ನಾಕ ಏನ್ ಹಾಕೀರಿ ಅಕ್ಕಾರ? ನೀರೇನರ ಬದಲ ಮಾಡೀರೇನು?’ ಜಯಮಾಲಾ ಒಂದು ಉಸಿರಿನಷ್ಟೂ ತಡೆಯಲಿಲ್ಲ. ‘ಡಬ್ಬಿಯೊಳಗಿನ ಕಾಳೇ ಹಾಕೀನಿ. ನೀರು ಮುಟ್ಟಿಲ್ಲ’ ಎಂದಳು. ಹೇಳಿದ ಮೇಲೆ, ಇಷ್ಟು ಸಲೀಸಾಗಿ ಬಂತಲ್ಲ ಎಂದು ಅವಳಿಗೇ ಸೋಜಿಗವಾಯಿತು. ಐವತ್ತೈದು ವರ್ಷದ ಬಾಯಿ. ದಿನಾ ಬೆಳಿಗ್ಗೆ ವಚನ ಹೇಳುವ ಬಾಯಿ. ಅವನು ನಂಬಿದ. ‘ಹಂಗಾರ ನೀರು ಹಳೇದಾಗ್ಯಾದ. ಅರ್ಧ ತಗದು, ಆಪಾ ಹೆಂಗ ಹಾಕ್ತಾರ ಹಂಗ ಹೊಸಾ ನೀರು ಹಾಕ್ರಿ’ ಎಂದ. ಆಪಾ ಎಂದರೆ ಮೆಹರಾಜ. ಅವಳು ಹೇಗೆ ಹಾಕುತ್ತಾಳೆ ಎಂದು ಕೇಳಿದ್ದರೆ ಮಾತು ಬೆಳೆದು ಸುಳ್ಳು ಹೊರಬೀಳುತ್ತಿತ್ತು. ಕೇಳಲಿಲ್ಲ. ನಳದಲ್ಲಿ ಆಗಷ್ಟೇ ನೀರು ಬಿಟ್ಟಿದ್ದರು. ಎಂಟು ಕೊಡ ಹೊತ್ತು ತಂದು ಸುರಿದಳು. ಒಂದು ತಾಸಿನೊಳಗೆ ನವಾಬ ವಾಲಿದ.

ಸೊನ್ನದ ಬ್ಯಾರೇಜಿನಿಂದ ಬರುವ ಭೀಮೆಯ ನೀರು ಮಳೆಗಾಲದಲ್ಲಿ ಕೆಂಪಗೆ ಬರುತ್ತದೆ. ಅದಕ್ಕೆ ಬ್ಲೀಚಿಂಗ್ ಪುಡಿ ಹೆಚ್ಚು ಸುರಿದು ಬಿಡುತ್ತಾರೆ. ಬಾಯಿಗೆ ಹಾಕಿದರೆ ಘಾಟು ಹೊಡೆಯುತ್ತದೆ. ಆ ಘಾಟು ಜಯಮಾಲಾಗೆ ಇಷ್ಟವೇ. ಸ್ವಚ್ಛವಾದದ್ದರ ವಾಸನೆ ಹಾಗೆಯೇ ಇರಬೇಕು ಎಂದು ಅವಳ ಮೂಗು ತೀರ್ಮಾನಿಸಿಬಿಟ್ಟಿತ್ತು. ಡಬ್ಬಿಯ ಕಾಳಿನ ವಾಸನೆ ಅದಕ್ಕೆ ಉಲ್ಟಾ. ಹೋದ ಶನಿವಾರ ಮೆಹರಾಜ ಕೀಲಿಕೈ ಕೊಡುವಾಗ, ‘ಹುಳ ಮುಟ್ಟೋದು ಬ್ಯಾಡ ಅಕ್ಕಾ ನಿಮಗ, ಅದಕ್ಕಂತನ ಕಾಳು ತರಿಸೀನಿ. ಮುಂಜಾನಿ ಹತ್ತು, ಸಂಜಿಗಿ ಹತ್ತು ಕಾಳು, ಅಷ್ಟ. ನೀರಿನ ಗೊಡವಿಗಿ ಹೋಗಬ್ಯಾಡ್ರಿ, ನಾ ಬಂದು ನೋಡ್ಕೋತೀನಿ’ ಎಂದಿದ್ದಳು. ಒಣಹುಳದ ಪಾಕೀಟು ಜಯಮಾಲಾಳ ಕಣ್ಣಿಗೂ ಬೀಳಬಾರದೆಂದು ಅದನ್ನು ಮನೆಯಿಂದಲೇ ತೆಗೆಸಿದ್ದಳು. ಆಳಂದದಲ್ಲಿ ತಂಗಿ ನಜಮುನ್ನಿಸಾಳ ಹೆರಿಗೆ. ಮನಸ್ಸೆಲ್ಲ ಅಲ್ಲಿದ್ದರೂ ಇಷ್ಟನ್ನು ಯೋಚಿಸಿದ್ದಳು. ಆದರೆ ಮುಚ್ಚಳ ತೆಗೆದ ಕೂಡಲೇ ಆ ಡಬ್ಬಿಯಿಂದ ಒಣ ಸೀಗಡಿಯ ನಾತ ಎದ್ದು ಬಂತು. ಭಾನುವಾರ ಸೆರಗಿನಿಂದ ಮೂಗು ಮುಚ್ಚಿ, ಚಮಚದಲ್ಲಿ ಹಾಕಿ, ಮನೆಗೆ ಹೋಗಿ ತಲೆಯ ಮೇಲಿಂದ ನೀರು ಹಾಕಿಕೊಂಡಳು. ಮರುದಿನ ಶ್ರಾವಣ ಸೋಮವಾರ. ಹೋಳಿಗೆಯ ಹೂರಣ ರುಬ್ಬಿ, ಎಡೆ ಹಿಡಿದು, ಅದೇ ಕೈಯಲ್ಲಿ ಆ ಡಬ್ಬಿ ಮುಟ್ಟುವುದೇ? ಪ್ರಸಾದದ ಬಟ್ಟಲಿನಿಂದ ಒಂದು ಮುಷ್ಟಿ ಹೂರಣ ತಂದು ನೀರಿಗೆ ಬಿಟ್ಟಳು.

ತಿಂದಿತು! ಅದೇ ಆಗಿದ್ದು. ಮುಟ್ಟದೆ ಬಿಟ್ಟಿದ್ದರೆ ಅವಳು ಡಬ್ಬಿಯ ದಾರಿಗೇ ಬರುತ್ತಿದ್ದಳು. ನವಾಬ ನೀರು ಸೀಳಿಕೊಂಡು ಬಂದು ಹೂರಣದ ಉಂಡೆಯನ್ನು ನುಂಗಿ, ಗಾಜಿಗೆ ಮೂತಿ ತಾಗಿಸಿ, ಇನ್ನೂ ಕೊಡು ಎಂಬಂತೆ ನಿಂತಿತು. ಆ ಗಳಿಗೆಯಲ್ಲಿ ತನ್ನ ಎದೆಯಲ್ಲಿ ಏನಾಯಿತು ಎಂದು ಜಯಮಾಲಾ ಈಗ ನೆನೆಯಲು ಹೋಗಿ ಅಂಜಿದಳು. ಕರುಣೆ ಎಂದು ಅವತ್ತು ಅದಕ್ಕೆ ಹೆಸರು ಕೊಟ್ಟಿದ್ದಳು. ಹುಳ ತಿನ್ನುವ ಜೀವಕ್ಕೆ ಶಿವನ ಪ್ರಸಾದ ಕಲಿಸಿದೆ ಎಂದು ರಾತ್ರಿ ಊಟಕ್ಕೆ ಬಡಿಸುತ್ತ ಗಂಡನ ಮುಂದೆ ನಕ್ಕಿದ್ದಳು. ‘ನವಾಬ ಶರಣ ಆಗ್ಯಾನ್ರಿ’ ಎಂದಿದ್ದಳು. ಮಂಗಳವಾರ ಮತ್ತೊಂದು ಮುಷ್ಟಿ, ಬುಧವಾರ ಇನ್ನೊಂದು. ತಿಂದು ಉಳಿದದ್ದು ಹರಳುಗಳ ಸಂದಿಗೆ ಇಳಿಯಿತು. ಬುಧವಾರ ಸಂಜೆಗೆ ನೀರು ಅಕ್ಕಿ ತೊಳೆದ ನೀರಿನಂತಾಗಿ ಹುಳಿ ವಾಸನೆ ಬಂತು. ಗುರುವಾರ ಅವಳು ಸೊಂಟ ಕಟ್ಟಿ ನಿಂತಳು. ನೀರನ್ನೆಲ್ಲ ಹೊರಗೆ ಚೆಲ್ಲಿದಳು, ಹರಳುಗಳನ್ನು ಪೂಜೆಯ ತಂಬಿಗೆಯಂತೆ ಹುಣಸೆಹಣ್ಣು ಹಾಕಿ ತಿಕ್ಕಿದಳು, ನೀರು ಸೋಸುವ ಡಬ್ಬಿಯೊಳಗಿನ ಲೋಳೆಗಟ್ಟಿದ ಸ್ಪಂಜನ್ನು ನಳದ ಕೆಳಗೆ ಹಿಡಿದು, ಬಿಳಿ ನೀರು ಬರುವ ತನಕ ಹಿಂಡಿದಳು. ಟ್ಯಾಂಕು ಫಳಫಳ ಹೊಳೆಯಿತು. ಮೆಹರಾಜ ಇಷ್ಟು ಸ್ವಚ್ಛ ಇಟ್ಟದ್ದನ್ನು ತಾನು ಎಂದೂ ಕಂಡಿಲ್ಲ ಎಂದುಕೊಂಡು ನಿಂತು ನೋಡಿದಳು. ಆ ಹೊಳಪಿನ ನಡುವೆ ಮೀನು ಬಣ್ಣ ಬಿಡತೊಡಗಿತ್ತು.

ಫೋನ್ ಬಡಿದುಕೊಂಡಿತು. ಮೆಹರಾಜಳೇ.

‘ಅಕ್ಕಾ, ಬಸ್ ಹತ್ತೀನ್ರಿ. ಕಿಟಕಿ ಕಡಿ ಸೀಟ್ ಸಿಕ್ಕದ, ನಸೀಬ ನೋಡ್ರಿ ನಂದು. ಹೆಂಗದಾನ ನಮ್ಮ ನವಾಬ ಸಾಹೇಬ?’

‘ಆರಾಮ ಅದಾನ.’

‘ನನ್ನ ನೆನಸತಾನೇನ್ರಿ, ಇಲ್ಲಾ ನಿಮಗ ಹೊಂದಿಕೊಂಡು ನನ್ನ ಮರತಾನ?’

‘ನಿನ್ನ ಮಷೀನಿನ ಸಪ್ಪಳಾ ಹುಡಕತಾನ ನೋಡು’ ಎಂದಳು ಜಯಮಾಲಾ. ಆ ಕಡೆ ಮೆಹರಾಜ ಸಂತೋಷದಿಂದ ನಕ್ಕಳು. ಒಂದು ಸುಳ್ಳಿಗೆ ಅಲಂಕಾರವನ್ನೂ ಮಾಡಿದೆ ಎನಿಸಿ ಜಯಮಾಲಾ ಫೋನನ್ನು ಮಗುಚಿ ಮಷೀನಿನ ಮೇಲೆ ಇಟ್ಟಳು.

ಊಟದ ಹೊತ್ತಾದರೂ ಹೆಂಡತಿ ಬಾರದ್ದಕ್ಕೆ ಜಯಮಾಲಾಳ ಗಂಡ ದೊಡ್ಡಪ್ಪ ತೊಗರಿಯ ಅಡತಿ ಅಂಗಡಿಯಿಂದ ನೇರ ಇಲ್ಲಿಗೇ ಬಂದ. ಮೆಹರಾಜಳ ಹೊಸಿಲ ಹೊರಗೇ ನಿಂತು, ಟೋಪಿ ತೆಗೆದು ಗಾಳಿ ಹಾಕಿಕೊಳ್ಳುತ್ತ ಒಳಗೆ ಇಣುಕಿದ. ‘ಏನ್ ಬೇ, ಮೀನಕ್ಕ ದೀಕ್ಷಾ ಕೊಟ್ಟು ಮುಗೀತಿಲ್ಲೋ? ಇಲ್ಲಿ ಒಂದು ಜೀವಕ್ಕ ರೊಟ್ಟಿ ಬೇಕಾಗ್ಯಾದ.’

‘ರೊಟ್ಟಿ ಬುಟ್ಟ್ಯಾಗ ಅವ. ಪುಂಡಿಪಲ್ಯ ಒಲಿ ಮ್ಯಾಲ ಅದ. ಹೋಗಿ ಉಣ್ಣರಿ.’

‘ಯಾಕ, ಶರಣರು ಒರಗ್ಯಾರಲ್ಲ?’ ಎಂದ ಅವನು; ನಗಲು ಹೋದವನು ಹೆಂಡತಿಯ ಮುಖ ನೋಡಿ ನಿಲ್ಲಿಸಿದ. ಅಷ್ಟರಲ್ಲಿ ತಲೆಯ ಮೇಲಿನ ಫ್ಯಾನು ನಿಧಾನವಾಯಿತು. ಟ್ಯಾಂಕಿನ ಮೂಲೆಯಲ್ಲಿ ಸದಾ ಗುಳುಗುಳು ಎನ್ನುತ್ತಿದ್ದ ಗಾಳಿಯ ಕೊಳವೆ ಎರಡು ದೊಡ್ಡ ಗುಳ್ಳೆ ಬಿಟ್ಟು ಸುಮ್ಮನಾಯಿತು. ಆ ಸಪ್ಪಳ ಇಷ್ಟು ಹೊತ್ತು ಇತ್ತೆಂಬುದು, ಅದು ನಿಂತ ಮೇಲೆ ಅವಳಿಗೆ ತಿಳಿಯಿತು.

ದೊಡ್ಡಪ್ಪ ಫ್ಯಾನನ್ನು ನೋಡಿದ, ಮೀನನ್ನು ನೋಡಿದ. ವ್ಯಾಪಾರಸ್ಥನ ಕಣ್ಣು. ‘ನೋಡು, ಶಿವನ ಕಳಿಸ್ಯಾನ. ಕರೆಂಟ್ ಹೋಗಿತ್ತು ಅಂತ ಹೇಳು, ಮುಗದ ಹೋತು. ಊರ ಮಂದಿ ಎಲ್ಲಾ ಸಾಕ್ಷಿ ಹೇಳತಾರ. ನಿಂದೇನು ತಪ್ಪು?’ ಎಂದು ಟೋಪಿ ಹಾಕಿಕೊಂಡು ಹೊರಟೇಹೋದ.

ನಿಂದೇನು ತಪ್ಪು. ಆ ಮಾತು ಕೋಣೆಯಲ್ಲೇ ಉಳಿಯಿತು. ಒಳ್ಳೆಯ ಮಾತು, ಎಲ್ಲ ಕಡೆ ಸರಿಯಾಗಿ ಕೂಡುವ ಮಾತು. ಬಂದವಳು ಅಳುತ್ತಾಳೆ, ವಿದ್ಯುತ್ತಿನವರನ್ನು ಬೈಯುತ್ತಾಳೆ, ಅಕ್ಕಾ ನೀವಾದರೂ ಏನು ಮಾಡುತ್ತಿದ್ದಿರಿ ಎನ್ನುತ್ತಾಳೆ. ಮೆಹರಾಜ ಹಾಗೇ ಅನ್ನುವವಳು. ಪ್ರತಿ ರಂಜಾನಿಗೆ ಹಿತ್ತಾಳೆಯ ತಾಟಿನಲ್ಲಿ ಒಣ ಶಾವಿಗೆ, ಸಕ್ಕರೆ, ಉತ್ತತ್ತಿ, ಗೋಡಂಬಿ ಬೇರೆ ಬೇರೆಯಾಗಿ ಇಟ್ಟು, ಮೇಲೆ ಮಡಿಚಿದ ಹೊಸ ಅರಿವೆ ಮುಚ್ಚಿ ತರುತ್ತಾಳೆ. ಬೇಯಿಸಿದ್ದು ನೀವು ಉಣ್ಣೋದಿಲ್ಲ, ನಿಮ್ಮ ಬೋಗುಣಿಯಲ್ಲಿ ನೀವೇ ಮಾಡಿಕೊಳ್ಳಿರಿ ಎನ್ನುತ್ತಾಳೆ. ಇಪ್ಪತ್ತು ವರ್ಷ. ಇಪ್ಪತ್ತು ವರ್ಷವೂ ಆ ಶಾವಿಗೆ ಜಯಮಾಲಾಳ ಒಲೆ ಹತ್ತಿಲ್ಲ. ಪಾತ್ರೆ ತಿಕ್ಕುವ ಗಂಗಾಬಾಯಿಯ ಸೀರೆಯ ಉಡಿಗೆ ಹೋಗಿದೆ; ಮರುದಿನ ತಾಟು ತೊಳೆದು ಕೊಡುವಾಗ, ಭಾಳ ರುಚಿ ಆಗಿತ್ತು ಎಂದು ತಾನು ಹೇಳಿದ್ದಾಳೆ. ಬೇಯಿಸದ ಶಾವಿಗೆಯಲ್ಲಿ ಯಾವ ಮೈಲಿಗೆ ಇತ್ತು? ಒಂದು ವರ್ಷ ನಳದ ಹತ್ತಿರ ಗಂಗಾಬಾಯಿಯೂ ಮೆಹರಾಜಳೂ ಏನೋ ಮಾತಾಡಿ, ತನ್ನನ್ನು ಕಂಡು ಸುಮ್ಮನಾಗಿದ್ದರು. ಮುಂದಿನ ರಂಜಾನಿಗೂ ತಾಟು ಬಂತು. ತಿಳಿದೂ ತಂದಳೋ, ತಿಳಿಯದೆ ತಂದಳೋ? ಗುಳ್ಳೆ ನಿಂತ ನೀರಿನಲ್ಲಿ ಮೀನಿನ ಬಾಯಿ ತೆರೆಯುತ್ತಿತ್ತು, ಮುಚ್ಚುತ್ತಿತ್ತು. ಸುಳ್ಳಿನಿಂದ ಮೆಹರಾಜಳ ಕಣ್ಣಿನಲ್ಲಿ ತಾನು ಉಳಿಯಬಹುದು. ಮೀನು ಉಳಿಯುವುದಿಲ್ಲ. ಬೆಳಿಗ್ಗೆ ಅಜರುದ್ದೀನನಿಗೆ ಹೇಳಿದ ಒಂದು ಸುಳ್ಳು ಎಂಟು ಕೊಡ ಘಾಟು ನೀರಾಗಿ ಇದರ ಮೈಮೇಲೆ ಬಿದ್ದಿತ್ತು.

ಅವಳು ಮತ್ತೆ ಫೋನ್ ಎತ್ತಿದಳು. ‘ಅಜರುದ್ದೀನ, ಮುಂಜಾನಿ ನಾ ಹೇಳಿದ್ದು ಸುಳ್ಳದಪ್ಪಾ’ ಎಂದಳು. ಆ ಕಡೆ ಗಿರಾಕಿಗಳ ಗದ್ದಲ. ‘ಏನಂದ್ರಿ?’ ಎಂದ. ಮತ್ತೊಮ್ಮೆ ಗಟ್ಟಿಯಾಗಿ ಹೇಳಬೇಕಾಯಿತು. ‘ಹೂರ್ಣ ಹಾಕಿದ್ದೆ.’

‘ಏನ ಹೂರ್ಣ?’

‘ಹೋಳಗಿ ಹೂರ್ಣ. ಕಡ್ಲಿಬ್ಯಾಳಿ, ಬೆಲ್ಲ.’

‘ಯಾ ಅಲ್ಲಾ! ಮೀನಕ್ಕ?’ ಅವನು ನಗು ತಡೆಯಲಾರದೆ ಪಕ್ಕದವರಿಗೂ ಹೇಳಿದ. ಯಾರೋ, ತುಪ್ಪ ಹಾಕ್ಯಾರಂತೇನು ಕೇಳಲೇ ಎಂದದ್ದು ಅವಳ ಕಿವಿಗೆ ಬಿತ್ತು. ಜಯಮಾಲಾ ಫೋನನ್ನು ಕಿವಿಯಿಂದ ತೆಗೆಯಲಿಲ್ಲ. ನಗು ಮುಗಿಯುವ ತನಕ ಹಿಡಿದುಕೊಂಡಿದ್ದು, ನೀರೆಲ್ಲ ಚೆಲ್ಲಿದ್ದು, ಸ್ಪಂಜು ತೊಳೆದದ್ದು, ನಳದ ನೀರನ್ನು ಎರಡು ಸಲ ಹಾಕಿದ್ದು, ಎಲ್ಲ ಹೇಳಿದಳು. ಅವನ ದನಿ ಬದಲಾಯಿತು. ‘ಆ ಸ್ಪಂಜಿನ ಹೊಲಸಿನ್ಯಾಗನ ಅದರ ಜೀವ ಇತ್ತರಿ ಅಕ್ಕಾರ. ನೀರಿನ ವಿಷಾ ತಿನ್ನೋದು ಅದ. ತೊಳದು ಕಳದೀರಿ. ಮ್ಯಾಲ ಬ್ಲೀಚಿಂಗ್ ನೀರು. ಅದರ ಕಿವಿರು ಸುಡತಾವ. ಸಣ್ಣ ನೀಲಿ ಬಾಟಲಿ ಔಷಧ ಅದ ಏನು ನೋಡ್ರಿ.’ ಬಾಟಲಿ ಇತ್ತು, ಖಾಲಿ. ‘ಹಂಗಾರ ಆ ಟ್ಯಾಂಕಿ ಬಿಡ್ರಿ. ಬೋರಿಂಗ್ ನೀರು ತಂದು ಟಬ್ಬಿನ್ಯಾಗ ಹಾಕಿ ಮೀನು ಅದರಾಗ ಬಿಡ್ರಿ. ಚರಗಿಲೆ ನೀರು ತಗದು ಮ್ಯಾಲಿಂದ ಸುರಕೋತ ಇರ್ರಿ, ಗಾಳಿ ಕೂಡಬೇಕು. ಒರಗಿದ್ದು ಹೊಳ್ಳದಂಗ ಕೈಲೆ ಹಿಡೀಬೇಕು... ನಿಮಗ ಮುಟ್ಟಾಕ ಆಗತದೇನು?’

ಅವಳು ಕೊಡ ಎತ್ತಿಕೊಂಡು ಹೊರಟಳು. ಮಸೀದಿಯ ಮುಂದಿನ ಬೋರಿಂಗಿನ ಹಿಡಿಕೆ ಒತ್ತಿ ಒತ್ತಿ ಆರು ಕೊಡ ತಂದಳು. ಜುಮ್ಮಾ ನಮಾಜಿಗೆ ಬಂದವರು ದಾರಿ ಬಿಟ್ಟು ನಿಂತರು. ಬಟ್ಟೆ ನೆನೆಸುವ ನೀಲಿ ಟಬ್ಬು ತುಂಬಿತು. ಆಮೇಲೆ ಟ್ಯಾಂಕಿನೊಳಗೆ ಮೊಣಕೈ ತನಕ ಕೈ ಇಳಿಸಿದಳು. ಜಾರುತ್ತದೆ ಎಂದುಕೊಂಡಿದ್ದಳು, ಅಸಹ್ಯವಾಗುತ್ತದೆ ಎಂದುಕೊಂಡಿದ್ದಳು. ಮುಟ್ಟಿದ್ದು ಒಂದು ಭಾರ, ಅಷ್ಟೆ. ನಿದ್ದೆ ಹತ್ತಿದ ಕೂಸಿನ ಪಾದದಂಥದ್ದು. ಟಬ್ಬಿಗೆ ಬಿಟ್ಟ ಕೂಡಲೇ ಅದು ಮಗುಚಿತು. ಅವಳು ಎಡಗೈಯನ್ನು ಹೊಟ್ಟೆಯ ಕೆಳಗೆ ಕೊಟ್ಟು ಎತ್ತಿ ನಿಲ್ಲಿಸಿ, ಬಲಗೈಯಲ್ಲಿ ಚರಗಿಯಿಂದ ನೀರು ಮೊಗೆದು ಮೊಗೆದು ಸುರಿಯತೊಡಗಿದಳು. ಎಷ್ಟೋ ಹೊತ್ತಿನ ಮೇಲೆ ಅವಳಿಗೆ ಅದು ಕಂಡಿತು. ಎಡಗೈ ಅಂಗೈ ಮೇಲಾಗಿ, ಬೆರಳು ಕೂಡಿಸಿ, ಎದೆಯ ಮುಂದೆ, ಬಲಗೈಯಿಂದ ನೀರು. ಏಳು ವರ್ಷದವಳಿದ್ದಾಗ ಅಂದೋಲಾದ ಮಠದಲ್ಲಿ ಅಯ್ಯನವರು ಇಷ್ಟಲಿಂಗ ಕೊಟ್ಟು, ಕೈ ಅಲುಗಬಾರದು ತಂಗಿ, ಕಣ್ಣು ಅದರ ಮೇಲೆ ಇರಲಿ ಎಂದು ಕಲಿಸಿದ್ದರು. ಅಂದಿನಿಂದ ಒಂದು ದಿನವೂ ತಪ್ಪಿಲ್ಲ, ಒಂದು ದಿನವೂ ಇಷ್ಟು ಗಮನ ನಿಂತಿಲ್ಲ. ಪೂಜೆಯಲ್ಲಿ ಕೂತಾಗ ಒಲೆಯ ಮೇಲಿನ ಹಾಲು ಕಾಣುತ್ತಿತ್ತು, ನೆರೆಯವರ ತಪ್ಪು ಕಾಣುತ್ತಿತ್ತು. ಈಗ ಅಂಗೈಯಲ್ಲಿ ಕಿವಿರು ಬಿಚ್ಚುವುದೊಂದು, ಮುಚ್ಚುವುದೊಂದು, ಬೇರೇನೂ ಇಲ್ಲ. ಹೀಗೆ ಎಣಿಸಿದ್ದಕ್ಕೂ ಒಳಗೊಳಗೇ ಹಿಗ್ಗು ಮೂಡಿದ್ದನ್ನು ಕಂಡು ಅವಳು ನಾಚಿದಳು. ಹೂರಣ ಹಾಕಿದಾಗಲೂ ಇದೇ ಹಿಗ್ಗು. ತುಟಿ ಕಚ್ಚಿ ನೀರು ಸುರಿದಳು.

‘ಅಕ್ಕಾ?’

ಬಾಗಿಲಲ್ಲಿ ಮೆಹರಾಜ. ಕೈಯಲ್ಲಿ ಚೀಲ, ಮುಖದ ಮೇಲೆ ಬಸ್ಸಿನ ಧೂಳು. ಅವಳ ಕಣ್ಣು ಮೀನಿಲ್ಲದ ಟ್ಯಾಂಕಿಗೆ ಹೋಯಿತು, ಟಬ್ಬಿಗೆ ಬಂತು. ಚೀಲ ನೆಲಕ್ಕೆ ಬಿತ್ತು.

‘ಏನಾತ್ರಿ? ಕರೆಂಟ್ ಹೋಗ್ಯಾದೇನು? ಅಯ್ಯ ನನ ಕಂದಾ... ಎಷ್ಟೊತ್ತಾತ್ರಿ ಹೋಗಿ?’

‘ಮಧ್ಯಾಹ್ನ ಹೋಗ್ಯಾದ’ ಎಂದಳು ಜಯಮಾಲಾ. ಅದು ಸುಳ್ಳಾಗಿರಲಿಲ್ಲ.

ಮೆಹರಾಜ ಓಡಿಬಂದು ಟಬ್ಬಿನ ಪಕ್ಕ ಕೂತಳು. ಮೀನಿಗಿಂತ ಮೊದಲು ಅವಳು ನೋಡಿದ್ದು ಜಯಮಾಲಾಳ ಕೈಯನ್ನು. ‘ನೀವು... ನಿಮ್ಮ ಕೈಲೆ ಹಿಡಕೊಂಡು ಕುಂತೀರೇನ್ರಿ ಅಕ್ಕಾ?’ ಎಂದವಳ ಕಣ್ಣು ತುಂಬಿದವು. ‘ನನ್ನ ಒಡಹುಟ್ಟಿದಾಕೀನೂ ಹಿಂಗ ಮಾಡತಿದ್ದಿಲ್ಲರಿ. ಹಾಳು ಕರೆಂಟ್ ಅವರ ಕೈ ಸೇದಿ ಹೋಗಲಿ. ನೀವರ ಏನ್ ಮಾಡತಿದ್ರಿ?’

ಆಗಲೇ ಫ್ಯಾನು ಅಲುಗಿತು. ಟ್ಯಾಂಕಿನ ಮೂಲೆಯಲ್ಲಿ ಗುಳುಗುಳು ಶುರುವಾಯಿತು. ಮೆಹರಾಜ ‘ಬಂತು, ಬಂತು’ ಎಂದು ಎದ್ದು, ಗೋಡೆಯ ಮೊಳೆಯಿಂದ ಬಲೆ ತೆಗೆದುಕೊಂಡಳು. ಜಯಮಾಲಾಳ ಅಂಗೈಯಿಂದ ಮೀನನ್ನು ಮೆಲ್ಲಗೆ ಬಲೆಗೆ ತುಂಬಿಕೊಂಡು, ‘ನಡೀ ನವಾಬ, ನಿನ್ನ ಮನಿಗಿ ನಡೀ’ ಎನ್ನುತ್ತ ಟ್ಯಾಂಕಿನ ಕಡೆ ಎರಡು ಹೆಜ್ಜೆ ಇಟ್ಟಳು. ಬಲೆಯಿಂದ ನೀರು ತೊಟ್ಟಿಕ್ಕಿತು. ಟ್ಯಾಂಕಿನ ನೀರು ಬೆಳಕಿನಲ್ಲಿ ಸ್ಫಟಿಕದಂತಿತ್ತು. ಜಯಮಾಲಾಳ ಖಾಲಿ ಅಂಗೈ ಇನ್ನೂ ಟಬ್ಬಿನೊಳಗೇ ಚಾಚಿಕೊಂಡಿತ್ತು.

‘ಹಾಕಬ್ಯಾಡ.’

ಮೆಹರಾಜ ತಿರುಗಿದಳು.

‘ಆ ನೀರಿಗಿ ಹಾಕಬ್ಯಾಡ. ಅದು ನಳದ ನೀರು. ಕರೆಂಟಿಂದ ಆಗಿದ್ದಲ್ಲ ಇದು. ನಾ ಮಾಡಿದ್ದು.’ ಬಲಗೈಯಿಂದ ಕಾಳಿನ ಡಬ್ಬಿ ತೋರಿಸಿದಳು. ‘ನಿನ್ನ ಡಬ್ಬಿ ವಾಸನಿ ತಡೀಲಿಲ್ಲ ನನಗ. ಹೂರ್ಣ ಹಾಕಿದೆ. ನೀರು ಕೆಟ್ಟಿತು. ನಿನಗ ತಿಳೀಬಾರದಂತ ಎಲ್ಲಾ ಚೆಲ್ಲಿ ತೊಳದೆ. ನಿನ್ನ ಸ್ಪಂಜೂ ತೊಳದೆ. ಆರಾಮ ಅದಾನ ಅಂದೆನಲ್ಲ ಫೋನಿನ್ಯಾಗ, ಆಗೇ ಒರಗಿತ್ತು.’

ಬಲೆಯಲ್ಲಿ ಮೀನು ಒಮ್ಮೆ ಬಾಲ ಬಡಿಯಿತು. ಮೆಹರಾಜ ಬೇಗ ಬೇಗ ಬಂದು ಅದನ್ನು ಮತ್ತೆ ಟಬ್ಬಿಗೆ, ಅದೇ ಅಂಗೈಯ ಮೇಲೆ ಇಳಿಸಿದಳು. ಅದರ ಕಿವಿರನ್ನೇ ನೋಡುತ್ತ ಕೂತಳು. ಬುರ್ಖಾದ ಅಂಚು ನೀರಿನಲ್ಲಿ ನೆನೆಯುತ್ತಿದ್ದುದನ್ನೂ ಗಮನಿಸಲಿಲ್ಲ. ಆಮೇಲೆ ಕೇಳಿದಳು.

‘ಎಷ್ಟು ಹಾಕಿದ್ರಿ ಹೂರ್ಣ?’

‘ಒಂದ ಚೂರು’ ಎಂದಳು ಜಯಮಾಲಾ.

ಗುಳ್ಳೆಗಳ ಸಪ್ಪಳ ಕೇಳುತ್ತಿತ್ತು.

‘ಇಲ್ಲ’ ಎಂದಳು. ‘ಮುಟಿಗಿ ತುಂಬ. ಮೂರು ದಿನ.’

ಮೆಹರಾಜ ತಲೆಯಾಡಿಸಿದಳು, ಲೆಕ್ಕ ಈಗ ಸರಿಹೋಯಿತು ಎಂಬಂತೆ. ಎದ್ದಳು. ಬುರ್ಖಾ ತೆಗೆದು ಮಷೀನಿನ ಮೇಲೆ ಎಸೆದಳು. ಎರಡು ಕೊಡ ಎತ್ತಿಕೊಂಡಳು. ಬಾಗಿಲ ಹತ್ತಿರ ನಿಂತು, ತಿರುಗಿ ನೋಡದೆ ಹೇಳಿದಳು: ‘ಕೈ ತೆಗೀಬ್ಯಾಡ್ರಿ. ತೆಗದ್ರ ಹೊಳ್ಳತದ.’

ಅಕ್ಕಾ ಎನ್ನಲಿಲ್ಲ.

ಓಣಿಯ ಆ ತುದಿಯಲ್ಲಿ ಬೋರಿಂಗಿನ ಹಿಡಿಕೆ ಕಿರುಗುಟ್ಟುವುದು ಕೇಳಿಸಿತು. ಒಮ್ಮೆ ನಿಂತಿತು, ಅಳುತ್ತಿದ್ದಾಳೋ, ಕೊಡ ಬದಲಿಸುತ್ತಿದ್ದಾಳೋ ತಿಳಿಯಲಿಲ್ಲ. ಮತ್ತೆ ಶುರುವಾಯಿತು. ಜಯಮಾಲಾಳ ತೋಳು ಭುಜದ ತನಕ ಜೋಮು ಹಿಡಿದಿತ್ತು. ಅವಳು ಬಲಗೈಯಲ್ಲಿ ಚರಗಿ ಮೊಗೆದು ಮೇಲಿನಿಂದ ಸುರಿದಳು, ಮತ್ತೆ ಮೊಗೆದಳು. ಬೆರಳುಗಳ ನಡುವೆ ಕಿವಿರು ಬಿಚ್ಚಿತು. ಮುಚ್ಚಿತು. ಮುಂದಿನ ಉಸಿರು ಬರುವ ತನಕ ಅವಳು ಕಾಯ್ದಳು.